ಬಿಗಿಯಾದ ಬಳೆ

"ಗುರುಗಳೇ, ಬೆಳಿಗ್ಗೆ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ, ಮಧ್ಯಾಹ್ನ ರೋಗಿಗಳಿಗೆ ಮದ್ದು ಅರೆಯುತ್ತೇನೆ. ಅಲ್ಲಿದ್ದಾಗ ಇಲ್ಲಿಯ ಯೋಚನೆ, ಇಲ್ಲಿದ್ದಾಗ ಅಲ್ಲಿಯದು. ಒಂದನ್ನು ಬಿಟ್ಟರೆ ಈ ಚಡಪಡಿಕೆ ನಿಲ್ಲುತ್ತದೆಯೇ?" ಎಂದು ಶಿಷ್ಯ ಮರಿದೇವ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಗಾಜಿನ ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಹೆಂಗಸರ ಕೈಗೆ ಬಳೆ ತೊಡಿಸುತ್ತಿದ್ದಳು. ಆ ಊರಿನ ಸೂಲಗಿತ್ತಿಯೂ ಅವಳೇ. ಬಳೆ ತೊಡಿಸುತ್ತಿರುವಾಗಲೇ ಹೆರಿಗೆಗೆ ಕರೆ ಬರುತ್ತಿತ್ತು. ಹೆರಿಗೆಗೆ ಕೂತಾಗ ಯಾರದೋ ಜಗಲಿಯಲ್ಲಿ ಬಿಟ್ಟುಬಂದ ಮಲಾರ ನೆನಪಾಗುತ್ತಿತ್ತು. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ಒಂದ್ ಕೈಗೆ ತೊಡಿಸ್ತಾಳೆ, ಇನ್ನೊಂದ್ ಕೈ ಹಂಗೇ ಬಿಟ್ಟು ಓಡ್ತಾಳೆ ಮಾರಾಯ್ತಿ" ಎಂದು ಹೆಂಗಸರು ನಗುತ್ತಿದ್ದರು. ನಕ್ಕವರಿಗೇನು, ಚುಚ್ಚಿದ್ದು ಅವಳಿಗೆ. ಒಂದು ದಿನ ಮಲಾರವನ್ನು ನಾದಿನಿಯ ಕೈಗೆ ಕೊಟ್ಟು, ಇನ್ನು ಸೂಲಗಿತ್ತಿಯ ಕೆಲಸ ಒಂದೇ ಸಾಕು ಎಂದು ಮನೆಯಲ್ಲಿ ಕೂತಳು.

ಕೂರಲು ಅವಳಿಗೆ ಬಂದರೆ ತಾನೇ? ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಎದ್ದು ಬಾಗಿಲಿಗೆ ಬರುತ್ತಿದ್ದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಕುಂಬಾರನ ಮನೆಯಿಂದ ಕರೆ ಬಂತು. ಸೊಸೆಗೆ ಚೊಚ್ಚಲ ಹೆರಿಗೆ. ಹೋದವಳು ಮೊದಲು ಹುಡುಗಿಯ ಕೈ ಹಿಡಿದಳು. ಹಸಿರು ಬಳೆಗಳು ಬಾತ ಮುಂಗೈಯೊಳಗೆ ಹೂತುಹೋಗಿದ್ದವು.

"ಕೈ ಹಿಂಗೆ ಬಾತು ಎಷ್ಟು ದಿನ ಆಯ್ತಮ್ಮ?" ಎಂದು ಅತ್ತೆಯನ್ನು ಕೇಳಿದಳು.

"ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸಿದಾಗ್ಲೇ ಬಾತಿತ್ತು ಕಣಕ್ಕ. ಅವಳ ಅಳತೇದು ಏರ್ಲಿಲ್ಲ. ನಿನ್ನ ನಾದಿನಿ ಒಂದು ಸುತ್ತು ದೊಡ್ಡದು ತೊಡಿಸಿ ಹೋದ್ಲು. ಬಸುರಿ ಅಲ್ವಾ, ಮೈ ತುಂಬ್ಕೊಂಡಿದಾಳೆ ಅಂದ್ಕೊಂಡ್ವಿ."

ನಾದಿನಿಯ ತಪ್ಪೇನೂ ಇರಲಿಲ್ಲ. ಬಳೆಗಾರ್ತಿ ನೋಡುವುದು ಅಳತೆಯನ್ನು; ಬಸುರಿಯ ಕೈ ಹಾಗೆ ಬಾತರೆ ಜೀವಕ್ಕೆ ಅಪಾಯವೆಂದು ತಿಳಿಯುವುದು ಸೂಲಗಿತ್ತಿಗೆ. ಆ ಕೈಯನ್ನು ಅಂದು ಸೂಲಗಿತ್ತಿ ಹಿಡಿದಿರಬೇಕಿತ್ತು. ಅಂದು ಸೂಲಗಿತ್ತಿ ಮನೆಯಲ್ಲಿ ಅಂಗಳ ಗುಡಿಸುತ್ತಿದ್ದಳು. ಈಗ ಕಾಲ ಮೀರಿತ್ತು. ಮಧ್ಯಾಹ್ನದ ಹೊತ್ತಿಗೆ ಹುಡುಗಿಗೆ ಸೆಳವು ಬಂದು ಕೈಕಾಲು ಸೆಟೆದವು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ.

ಹನ್ನೊಂದು ದಿನ ಅವಳು ಯಾರ ಮುಖವನ್ನೂ ನೋಡಲಿಲ್ಲ. ಹನ್ನೆರಡನೆಯ ದಿನ ನಾದಿನಿಯ ಮನೆಗೆ ಹೋಗಿ ಮಲಾರವನ್ನು ಮತ್ತೆ ಹೆಗಲಿಗೇರಿಸಿದಳು. ಬಸುರಿಯರಿಗೆ ಬಳೆ ತೊಡಿಸುವಾಗ ಮುಂಗೈಯನ್ನು ಒತ್ತಿ ನೋಡದೆ ಬಿಡುತ್ತಿರಲಿಲ್ಲ. ಮರುವರ್ಷ ಅಂಥದೇ ಒಂದು ಬಾತ ಕೈ ಸಿಕ್ಕಿತು. ಅಂದಿನಿಂದಲೇ ಆ ಹುಡುಗಿಯ ಆರೈಕೆಗೆ ನಿಂತಳು. ತಾಯಿ, ಮಗು ಇಬ್ಬರೂ ಉಳಿದರು. ಕೂಸಿನ ನಾಮಕರಣದ ದಿನ ಅದರ ಕೈಗೆ ಕರಿಬಳೆ ತೊಡಿಸುವಾಗ ಅವಳಿಗಾದ ಸಂತೋಷ ಇಷ್ಟೆಂದು ಹೇಳಲಾಗದು. ಅದು ಬಳೆಗಾರ್ತಿಯದೋ ಸೂಲಗಿತ್ತಿಯದೋ ಎಂದು ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಕೇರಿಯಿಂದ ಹೆರಿಗೆಗೆ ಕರೆ ಬಂತು. ಊಟಕ್ಕೂ ಕೂರದೆ ಓಡಿದಳು.

ಕತೆ ಅಲ್ಲಿಗೆ ನಿಂತಿತು. ಮರಿದೇವನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಅವಳ ಚಡಪಡಿಕೆ ಕೊನೆಗೂ ನಿಲ್ಲಲಿಲ್ಲವೇ?"

"ನಿಲ್ಲಲಿಲ್ಲ" ಎಂದರು ಗುರುಗಳು, "ನಿಲ್ಲಲಿ ಎಂದು ಅವಳು ಮತ್ತೆ ಬೇಡಲೂ ಇಲ್ಲ."