ದನಿ ಇಳಿಯದ ಕಡಲು

"ಗುರುಗಳೇ, ನನ್ನ ಪ್ರವಚನಕ್ಕೆ ಹತ್ತೂರಿನ ಜನ ಬರುತ್ತಾರೆ. ಕೇಳಿ ಅತ್ತವರಿದ್ದಾರೆ, ಕುಡಿತ ಬಿಟ್ಟವರಿದ್ದಾರೆ. ನನ್ನ ಸ್ವಂತ ತಮ್ಮ ಮಾತ್ರ ಕುಡಿದು ಕುಡಿದು ಸಾಯುವ ಹಾಗಾಗಿದ್ದಾನೆ. ದಿನಾ ಕುಡಿದು ನನ್ನ ಬಾಗಿಲಿಗೆ ಬರುತ್ತಾನೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ಇನ್ನೂ ಗಟ್ಟಿಯಾಗಿ ಹೇಳಬೇಕೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

"ನಿನ್ನ ಗಂಟಲಿಗೇನೂ ಕೊರತೆಯಿಲ್ಲ" ಎಂದರು ಗುರುಗಳು. "ದೀಪದ ಬುಡದಲ್ಲಿ ಕತ್ತಲೆ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಆ ಗಾದೆಯನ್ನು ನೀನೇ ಊರೂರಿಗೆ ಹಂಚಿ ಸವೆಸಿದ್ದೀಯೆ. ಕೂತುಕೋ, ಕತೆ ಹೇಳುತ್ತೇನೆ."

ಕಡಲ ತೀರದಲ್ಲಿ ಒಬ್ಬ ವೈರ್‌ಲೆಸ್ಸಿನವನಿದ್ದ. ಬಿರುಗಾಳಿಯ ಸುದ್ದಿಯನ್ನು ದೋಣಿಗಳಿಗೆ ಮುಟ್ಟಿಸುವುದು ಅವನ ಕೆಲಸ. ಅವನ ತಮ್ಮ ಮೀನುಗಾರ. ಇನ್ನೂರು ಮೈಲಿ ಆಚೆ, ನಡುಗಡಲಿನಲ್ಲಿ ಬಲೆ ಹಾಕಿದ್ದ.

ಅಷ್ಟು ದೂರಕ್ಕೆ ದನಿ ನೀರಿನ ಮೇಲೆ ಹಾಯ್ದು ಹೋಗಲಾರದು. ಮುಗಿಲಿಗಿಂತ ಎಷ್ಟೋ ಎತ್ತರಕ್ಕೆ ಏರಿ, ಅಲ್ಲಿಂದ ತಿರುಗಿ ಬರಬೇಕು. ಅಲ್ಲಿ ಗಾಳಿ ಬಹಳ ತೆಳು. ಹಗಲು ಬಿಸಿಲು ಆ ಗಾಳಿಯನ್ನು ಒಡೆದು ವಿದ್ಯುತ್ ಕಣಗಳನ್ನಾಗಿ ಮಾಡುತ್ತದೆ. ಅವು ದಟ್ಟವಾಗಿದ್ದಾಗ ಕೆಳಗಿನಿಂದ ಬಂದ ರೇಡಿಯೋ ಅಲೆಯನ್ನು ಬಗ್ಗಿಸಿ ಮತ್ತೆ ಕೆಳಕ್ಕೆ ಕಳಿಸುತ್ತವೆ. ಸಂಜೆಯಾದರೆ ಒಡೆದ ಕಣಗಳು ಕೂಡಿಕೊಂಡು ಬರಿ ಗಾಳಿಯಾಗುತ್ತವೆ. ಉಳಿದವು ಭೂಮಿಯ ಕಾಂತಶಕ್ತಿಗೆ ಸಿಕ್ಕಿ ಇನ್ನೂ ಮೇಲಕ್ಕೆ ಸರಿಯುತ್ತವೆ. ಆಗ ಹತ್ತಿರಕ್ಕೆ ಬೀಳಲೆಂದು ನೆಟ್ಟಗೆ ಏರಿದ ಅಲೆಯನ್ನು ತಡೆಯುವ ಕಸುವು ಆ ಕಣಗಳ ಪದರಕ್ಕಿಲ್ಲ. ಓರೆಯಾಗಿ ಏರಿದ್ದು ಮಾತ್ರ ತಿರುಗಿ, ಬಹಳ ದೂರ ಹೋಗಿ ಬೀಳುತ್ತದೆ. ನಡುವಿನ ಕಡಲಿಗೆ ಒಂದು ಮಾತೂ ಇಳಿಯುವುದಿಲ್ಲ. ಇದು ವೈರ್‌ಲೆಸ್ಸಿನವನಿಗೆ ಗೊತ್ತಿರದ ವಿದ್ಯೆಯಲ್ಲ.

ಒಂದು ಮಧ್ಯಾಹ್ನ ಅಣ್ಣತಮ್ಮ ಮಾತಾಡಿಕೊಂಡರು. ಸಂಜೆಗೆ ಗಾಳಿಯ ಸುದ್ದಿ ಹೇಳುತ್ತೇನೆ ಎಂದು ಅಣ್ಣ ಮಾತು ಕೊಟ್ಟ. ಹೊತ್ತು ಇಳಿಯುವಾಗ ಬಿರುಗಾಳಿ ಏಳುವ ಸುದ್ದಿ ಬಂತು. ಅವನು ತಮ್ಮನನ್ನು ಕೂಗಿದ. ಉತ್ತರವಿಲ್ಲ. ಸೋಮಾರಿ, ರೇಡಿಯೋ ಆರಿಸಿ ಮಲಗಿದ್ದಾನೆ ಎಂದು ಬೈದುಕೊಂಡ. ಯಂತ್ರದ ಶಕ್ತಿ ಹೆಚ್ಚಿಸಿ ಮತ್ತೆ ಕೂಗಿದ.

ಸಾವಿರ ಮೈಲಿ ಆಚೆಯ ಬಂದರಿನವನೊಬ್ಬ ಓಗೊಟ್ಟ. "ಸ್ವಾಮಿ, ನಿಮ್ಮ ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿಸುತ್ತಿದೆ. ಆದರೆ ನಿಮ್ಮ ದೋಣಿ ಹತ್ತಿರದ್ದು. ಇನ್ನೂ ಉದ್ದನೆಯ ಅಲೆಗೆ ಬದಲಾಯಿಸಿ, ಅದು ನೆಟ್ಟಗೆ ಏರಿದರೂ ತಿರುಗಿ ಬರುತ್ತದೆ. ಆಗ ನನಗೆ ಕೇಳಿಸಲಿಕ್ಕಿಲ್ಲ, ಅವರಿಗೆ ಕೇಳಿಸುತ್ತದೆ."

"ನಿಮಗೇ ಇಷ್ಟು ಚೆನ್ನಾಗಿ ಕೇಳಿಸುವುದು ಅವನಿಗೆ ಕೇಳಿಸದೇ?" ಎಂದ ಅಣ್ಣ.

ಪಾಪ, ಬಂದರಿನವನ ಮೊದಲ ಮಾತಿಗೇ ಅವನು ಉಬ್ಬಿಹೋಗಿದ್ದ. ಎರಡನೆಯದು ಕಿವಿಗೆ ಹೋಗಲಿಲ್ಲ. ತಿಳಿದ ವಿದ್ಯೆಯೂ ಆಗ ನೆನಪಿಗೆ ಬರಲಿಲ್ಲ. ಅದೇ ಅಲೆಯಲ್ಲಿ ಗಂಟಲು ಬೀಳುವವರೆಗೆ ಕೂಗಿದ.

ಗಾಳಿ ಎದ್ದಿತು. ದೋಣಿ ಮಗುಚಿತು. ತಮ್ಮನ ಜೊತೆಗಿದ್ದ ಒಬ್ಬ ಮಾತ್ರ ಬದುಕಿ ದಡ ಸೇರಿದ. ಅಣ್ಣ ಅವನ ರಟ್ಟೆ ಹಿಡಿದು ಕೇಳಿದ: "ಅಷ್ಟು ಕೂಗಿದೆನಲ್ಲ, ರೇಡಿಯೋ ಬಿಟ್ಟು ಎಲ್ಲಿ ಹೋಗಿದ್ದ ಅವನು?"

"ಎಲ್ಲೂ ಹೋಗ್ಲಿಲ್ಲ ಮಾರಾಯ್ರೇ. ಅದರ ಮುಂದೇ ಕೂತಿದ್ದ. ಆಕಾಶ ಕಪ್ಪಾಯ್ತು, ತಿರುಗಿ ಹೋಗುವಾ ಅಂದೆವು. ಅಣ್ಣ ಹೇಳ್ತೇನೆ ಅಂದಿದ್ದಾನೆ, ಅವನ ಮಾತು ಬರ್ಲಿ ಅಂತ ಕೂತೇ ಇದ್ದ."

ಆ ಅಣ್ಣ ಆಮೇಲೆ ಬಹಳ ಕಾಲ ಬದುಕಿದ. ಅದನ್ನು ಬದುಕು ಎನ್ನುವುದಾದರೆ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ, "ಕತೆಯ ತಮ್ಮನಿಗೆ ಕೇಳುವ ಮನಸ್ಸಿತ್ತು ಗುರುಗಳೇ. ನನ್ನ ತಮ್ಮನಿಗೆ ಅದೇ ಇಲ್ಲ" ಎಂದ.

ಗುರುಗಳೆಂದರು: "ಕೇಳುವ ಮನಸ್ಸಿಲ್ಲದವನು ದಿನಾ ಕುಡಿದು ನಿನ್ನ ಬಾಗಿಲಿಗೇ ಯಾಕೆ ಬರುತ್ತಾನೆ?"