ಎರಡು ದಿನ ಮೊದಲೇ ಎದ್ದ ಕೋಳಿ

ಕೆಂಚಿ ಎಂಬ ಹೇಂಟೆಯ ಮೊದಲ ಮರಿಗಳನ್ನೆಲ್ಲ ಮುಂಗುಸಿ ಕೊಂದಿತ್ತು. ಅಂದಿನಿಂದ ಅದು ದಿನವೂ ದೇವರಲ್ಲಿ ಮರಿಗಳನ್ನು ಬೇಡುತ್ತಿತ್ತು. ಒಂದು ದಿನ ಮನೆಯೊಡತಿ ದ್ಯಾಮವ್ವ ಎಲ್ಲಿಂದಲೋ ಆರು ಮೊಟ್ಟೆ ತಂದು ಬುಟ್ಟಿಯಲ್ಲಿ ಅದರ ಕಾವಿಗೆ ಇಟ್ಟಳು. ದೇವರು ಮೊರೆ ಕೇಳಿದನೆಂದು ಕೆಂಚಿ ಹಿಗ್ಗಿ, ಕಾಳು ನೀರು ಮರೆತು ಕೂತಿತು.

ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರಬೇಕಿತ್ತು, ಬರಲಿಲ್ಲ. ಮತ್ತೆ ಐದು ದಿನ ಕಳೆಯಿತು.

"ಮೇಕೆಯಮ್ಮ, ದೇವರು ನನಗೆ ಕಲ್ಲು ಕೊಟ್ಟಿದ್ದಾನೆ," ಎಂದು ಕೆಂಚಿ ಪಕ್ಕದಲ್ಲಿ ಕಟ್ಟಿದ್ದ ಮುದಿ ಮೇಕೆಗೆ ಹೇಳಿತು.

"ಹಾಗೆನ್ನಬೇಡ ಮಗಳೇ. ಕೊಟ್ಟವನಿಗೆ ಅವು ಹೊರಬರುವ ದಿನವೂ ಗೊತ್ತಿರುತ್ತದೆ. ನೀನು ಕಾವು ಕೊಡು."

"ನಮ್ಮ ಕುಲದಲ್ಲಿ ಯಾರೂ ಇಷ್ಟು ದಿನ ಕೂತಿಲ್ಲ. ಅವನಿಗೆ ನನ್ನ ನೆನಪಿದ್ದರೆ ಇಷ್ಟು ಹೊತ್ತಿಗೆ ಮರಿಗಳ ದನಿ ಕೇಳುತ್ತಿತ್ತು," ಎಂದು ಕೆಂಚಿ ಎದ್ದು ತಿಪ್ಪೆಗೆ ಹೋಯಿತು. ಮೇಕೆ ಎಷ್ಟು ಕೂಗಿದರೂ ತಿರುಗಿ ಬರಲಿಲ್ಲ.

ಮರುದಿನ ದ್ಯಾಮವ್ವ ಬುಟ್ಟಿಗೆ ಕೈ ಹಾಕಿದಳು. ಮೊಟ್ಟೆಗಳು ತಣ್ಣಗಿದ್ದವು. ಒಂದರ ಚಿಪ್ಪು ಒಳಗಿನಿಂದ ಬಿರುಕು ಬಿಟ್ಟಿತ್ತು. ಆ ಸಂದಿನಲ್ಲಿ ಪುಟ್ಟ ಚಪ್ಪಟೆ ಕೊಕ್ಕೊಂದು ಅಲುಗದೆ ನಿಂತಿತ್ತು.

"ಅಯ್ಯ ಶಿವನೇ, ಇವು ಬಾತುಕೋಳಿ ತತ್ತಿ! ಇಪ್ಪತ್ತೆಂಟು ದಿನ ಬೇಕಾಗಿತ್ತಲ್ಲೇ!" ಎಂದು ಅವಳು ಹಣೆ ಚಚ್ಚಿಕೊಂಡಳು.

ಕೆಂಚಿ ಓಡಿ ಬಂದು, ರೆಕ್ಕೆ ಹರಡಿ, ಆರನ್ನೂ ಮತ್ತೆ ಮುಚ್ಚಿಕೊಂಡಿತು.

"ಮೇಕೆಯಮ್ಮ, ಇನ್ನು ಎಷ್ಟು ದಿನವಾದರೂ ನಾನು ಏಳುವುದಿಲ್ಲ," ಎಂದಿತು.