ಅಳತೆಗೆ ಕಡಿಮೆ ಬಂದ ಕೂಸು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನನ್ನ ಜೊತೆ ಮಠಕ್ಕೆ ಬಂದವರೆಲ್ಲ ಎಲ್ಲಿಗೋ ಮುಟ್ಟಿದರು. ನಾನು ನೋಡಿದರೆ ಧ್ಯಾನದಲ್ಲೂ ಹಿಂದೆ, ಓದಿನಲ್ಲೂ ಹಿಂದೆ. ನಾನು ಬೆಳೆಯುವವನೇ ಅಲ್ಲವೇನೋ. ಊರಿಗೆ ಹೊರಟುಬಿಡಲೇ?"

"ನಿಮ್ಮೂರಿನ ಬಸ್ಸು ಸಂಜೆಗೆ ತಾನೇ? ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಹುಣಸೆಹಣ್ಣಿನ ವ್ಯಾಪಾರಿಯ ಹೊಸ ಹೆಂಡತಿ ಬಸುರಿಯಾದಳು. ಏನೇನೋ ನೆಪ ಹೇಳಿ ಅವಳು ಸ್ಕ್ಯಾನಿಂಗ್ ತಪ್ಪಿಸಿಕೊಳ್ಳುತ್ತಿದ್ದಳು. ದಿನ ತುಂಬುವ ಮೊದಲೇ ರಕ್ತದೊತ್ತಡ ಏರಿ, ಕಾಲು ಊದಿಕೊಂಡಾಗ ಅತ್ತೆ ಅವಳನ್ನು ವೈದ್ಯೆಯ ಬಳಿಗೆ ಕರೆತಂದಳು. ವ್ಯಾಪಾರಿಯೂ ಬಂದು ಬಾಗಿಲ ಹತ್ತಿರ ನಿಂತ.

ಕೊನೆಯ ಮುಟ್ಟು ಯಾವಾಗ ಎಂದು ವೈದ್ಯೆ ಕೇಳಿದಳು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, "ಜ್ಯೇಷ್ಠದಲ್ಲಿ ಆದದ್ದೇ ಕೊನೆ. ಆಷಾಢಕ್ಕೆ ತವರಿಗೆ ಹೋದವಳು ಶ್ರಾವಣದಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಬಂದಳು" ಎಂದಳು. ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ಬೇರೆ ಬೇರೆ ಇರಬೇಕೆಂಬುದು ಆ ಮನೆಯ ಕಟ್ಟಳೆ. ಸೊಸೆ ಹೌದೆಂದು ತಲೆಯಾಡಿಸಿದಳು.

ಆ ಲೆಕ್ಕ ಹಿಡಿದು ವೈದ್ಯೆ ಕೂಸನ್ನು ಅಳೆದಳು. ತಲೆ ಚಿಕ್ಕದು. ಯಕೃತ್ತು ಚಿಕ್ಕದು. ಮೂತ್ರಪಿಂಡ ಚಿಕ್ಕದು. ತೊಡೆಯ ಮೂಳೆ ಗಿಡ್ಡ. ಒತ್ತಡ ಏರಿದ ಬಸುರಿಯಲ್ಲಿ ಕೂಸು ಸೊರಗುವುದುಂಟು. ಸೊರಗಿದ್ದರೆ ಬೇಗ ಹೊರಗೆ ತೆಗೆಯಬೇಕು, ಒಳಗೇ ಬಿಟ್ಟರೆ ಉಳಿಯದು. ಸೊರಗದೆ ಇದ್ದರೆ ಒಳಗೇ ಬಿಡಬೇಕು, ಶ್ವಾಸಕೋಶ ಬಲಿಯುವ ಮೊದಲು ತೆಗೆದರೆ ಉಳಿಯುವುದು ಕಷ್ಟ.

ವೈದ್ಯೆಗೆ ಗೊಂದಲವಾಯಿತು. ಊಟ ಸಾಲದ ಕೂಸು ಎಲ್ಲ ಅಂಗಗಳಿಗೂ ಹಸಿವನ್ನು ಸಮನಾಗಿ ಹಂಚುವುದಿಲ್ಲ. ಮೊದಲು ಯಕೃತ್ತಿನ ಪಾಲು ಕಡಿಯುತ್ತದೆ. ಕಿರುಮೆದುಳಿನ ಪಾಲನ್ನು ಆದಷ್ಟು ಕಾಯುತ್ತದೆ. ಈ ಕೂಸಿನ ಕಿರುಮೆದುಳೂ ಉಳಿದವುಗಳಷ್ಟೇ ಹಿಂದಿತ್ತು. ಯಂತ್ರ ಕೆಟ್ಟಿರಬಹುದೆಂದು ಪಕ್ಕದ ಕೋಣೆಯ ಯಂತ್ರದಲ್ಲಿ ನೋಡಿದಳು. ಅದೂ ಅದನ್ನೇ ಹೇಳಿತು.

"ನಾಳೆ ಆಪರೇಷನ್ ಮಾಡಬೇಕಾಗಬಹುದು. ಮಗು ಉಳಿಯುತ್ತದೆಂದು ಮಾತು ಕೊಡಲಾರೆ. ನೀವು ಹೇಳಿದ ತಿಂಗಳು ಖಂಡಿತ ತಾನೇ?" ಎಂದು ಕೇಳಿದಳು.

ಸೊಸೆ ಗಂಡನ ಕಡೆ ನೋಡಿದಳು. ಗಂಡ ಗೋಡೆಯ ಕಡೆ ನೋಡಿದ.

"ಖಂಡಿತವಲ್ಲದೆ ಮತ್ತೇನು," ಎಂದಳು ಅತ್ತೆ. "ಆಷಾಢದಲ್ಲಿ ನನ್ನ ಮಗ ಆ ಊರಿನ ಕಡೆ ತಲೆ ಹಾಕಿಯೂ ಮಲಗಿಲ್ಲ."

ಸೊಸೆಗೆ ಅಳು ಬಂತು. "ಆಪರೇಷನ್ ಬೇಡ ಡಾಕ್ಟ್ರೇ. ತವರಿಗೆ ಹೋದಮೇಲೂ ನಾನು ಮುಟ್ಟಾಗಿದ್ದೆ. ಆಮೇಲೆ ಇವರು ಅಲ್ಲಿಗೆ ಬಂದಿದ್ದರು."

"ಯಾಕೋ ಹೋಗಿದ್ದೆ?" ಎಂದಳು ಅತ್ತೆ.

"ಹುಣಸೆಹಣ್ಣು ನೋಡಿಕೊಂಡು ಬರೋಣ ಅಂತ" ಎಂದ ವ್ಯಾಪಾರಿ.

"ಆಷಾಢದಲ್ಲಿ ಯಾವ ಮರದಲ್ಲೋ ಹುಣಸೆಹಣ್ಣು?"

ವೈದ್ಯೆ ಅಳತೆಗಳನ್ನು ಮುಟ್ಟಲಿಲ್ಲ. ಲೆಕ್ಕವನ್ನು ಮಾತ್ರ ಜ್ಯೇಷ್ಠದಿಂದ ಆಷಾಢಕ್ಕೆ ಸರಿಸಿದಳು. ತಲೆ ಸರಿಯಾಗಿತ್ತು. ಯಕೃತ್ತು ಸರಿಯಾಗಿತ್ತು. ಕಿರುಮೆದುಳೂ ಸರಿಯಾಗಿತ್ತು. ಅಷ್ಟು ಹೊತ್ತಿನಲ್ಲಿ ಕೂಸೇನೂ ಬೆಳೆದಿರಲಿಲ್ಲ.

ವೈದ್ಯೆ ಒತ್ತಡಕ್ಕೆ ಮಾತ್ರೆ ಕೊಟ್ಟು, ಮತ್ತೆ ಮತ್ತೆ ಕರೆಸಿ ನೋಡುತ್ತ ಕಾದಳು. ಕೂಸು ತನ್ನ ಹೊತ್ತಿಗೆ ಹೊರಬಂದು ಗಟ್ಟಿಯಾಗಿ ಅತ್ತಿತು. ಅತ್ತೆ ಅದನ್ನು ಮಡಿಲಿಗೆ ಹಾಕಿಕೊಂಡಳು. ಮಗನ ಜೊತೆ ಮಾತ್ರ ಇನ್ನೂ ಸರಿಯಾಗಿ ಮಾತಾಡಿಲ್ಲ.

ಶಿಷ್ಯನಿಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. "ಗುರುಗಳೇ, ನಾನು ಸುಳ್ಳು ಲೆಕ್ಕ ಹೇಳುತ್ತಿಲ್ಲ. ನಾನು ಮಠಕ್ಕೆ ಬಂದ ದಿನ ಎಲ್ಲರಿಗೂ ಗೊತ್ತು."

ಗುರುಗಳು ಹೇಳಿದರು: "ಬಂದ ದಿನ ನನಗೂ ಗೊತ್ತು, ಕಲಿಯಲು ತೊಡಗಿದ್ದು ಯಾವತ್ತು?"